ಹಾಲುತೊಂಡೆಗೆ ‘ಜೀನ್ ಟಾನಿಕ್’: ಒಂದು ಬೆಳೆ ಬಳಸಿ ನೋಡಿದೆ

ರೇಷ್ಮೆ ಹುಳಕ್ಕೆ ಬರುವ ಹಾಲುತೊಂಡೆ ರೋಗಕ್ಕೆ ಅಂತ ಮಾರುವ ಒಂದು ಬಾಟಲಿ ಮದ್ದಿಗೆ ನನ್ನ ರಿವ್ಯೂ ಇದು. ಐದಕ್ಕೆ ಒಂದು ಸ್ಟಾರ್. ಆ ಒಂದು ಕೂಡ ಮುಚ್ಚಳಕ್ಕೆ. ಸ್ಕೂಟರ್ ಡಿಕ್ಕಿಯಲ್ಲಿ ಬಾಟಲಿ ಅಡ್ಡ ಬಿದ್ದು ಊರು ಸೇರುವವರೆಗೂ ಉರುಳಾಡಿದರೂ ಒಂದು ಹನಿ ಸೋರಲಿಲ್ಲ. ಮಿಕ್ಕಿದ್ದಕ್ಕೆ ಕೊಡಲು ನನ್ನ ಹತ್ತಿರ ಏನೂ ಇಲ್ಲ.

ಬ್ರ್ಯಾಂಡ್ ಹೆಸರು, ಅಂಗಡಿ ಹೆಸರು ಎರಡೂ ಹಾಕುವುದಿಲ್ಲ. ಅಂಗಡಿಯವನು ಪರಿಚಯದ ಹುಡುಗ, ನಾಳೆ ಸುಣ್ಣ, ಬ್ಲೀಚಿಂಗ್ ಪುಡಿಗೆ ನಾನು ಅಲ್ಲಿಗೇ ಹೋಗಬೇಕು. ಅದೂ ಅಲ್ಲದೆ ಇಂಥ ಬಾಟಲಿ ನಾಳೆ ಬೇರೆ ಲೇಬಲ್ ಹಾಕಿಕೊಂಡು ಬಂದರೆ ಹೆಸರು ಗೊತ್ತಿದ್ದು ಏನು ಉಪಯೋಗ? ಅದು ಯಾಕೆ ಕೆಲಸ ಮಾಡಲ್ಲ ಅನ್ನೋದು ಗೊತ್ತಿರಬೇಕು. ಅದಕ್ಕೇ ಇಷ್ಟುದ್ದ ಬರೆಯುತ್ತಿದ್ದೇನೆ.

ನಮ್ಮದು ಗೌರಿಬಿದನೂರು ಕಡೆ. ಒಂದೂವರೆ ಎಕರೆ ವಿ-1 ತಳಿಯ ಹಿಪ್ಪುನೇರಳೆ ತೋಟ, ಒಂದು ಹುಳು ಮನೆ, ವರ್ಷಕ್ಕೆ ಐದು ಬೆಳೆ. ಸಾಕುವುದು ದ್ವಿತಳಿ ರೇಷ್ಮೆ ಹುಳು, ಎಫ್‌ಸಿ-1 ಎಫ್‌ಸಿ-2 ಮಿಶ್ರಣ. ಗೂಡು ಹೆಚ್ಚಾಗಿ ಶಿಡ್ಲಘಟ್ಟಕ್ಕೆ, ಕೆಲವು ಸಲ ಹಿಂದೂಪುರಕ್ಕೆ. ಹೋದ ವರ್ಷ ಬೇಸಿಗೆ ಬೆಳೆಯಲ್ಲಿ ಹಾಲುತೊಂಡೆ ಬಂದು, ಹುಳು ಹಣ್ಣಾಗಿ ಗೂಡು ಕಟ್ಟುವ ಹೊತ್ತಿಗೆ ಸರಿಯಾಗಿ ಕೈಕೊಟ್ಟಿತ್ತು. ಹುಳು ಸಾಕಿದವರಿಗೆ ಗೊತ್ತು, ಇಪ್ಪತ್ತು ದಿನ ಸೊಪ್ಪು ಹೊತ್ತು ಹಾಕಿ, ಇನ್ನೇನು ನಾಳೆ ಗೂಡು ಕಟ್ಟಲು ಚಂದ್ರಿಕೆಗೆ ಬಿಡಬೇಕು ಅನ್ನುವಾಗ ಹುಳು ತಟ್ಟೆಯ ಅಂಚಿಗೆ ಬಂದು ತಲೆಕೆಳಗಾಗಿ ನೇತಾಡಿದರೆ ಹೊಟ್ಟೆಯೊಳಗೆ ಏನಾಗುತ್ತದೆ ಅಂತ. ಹಾಗಾಗಿ ಈ ವರ್ಷ ಅಂಗಡಿಯವನು ‘ಹೊಸದು ಬಂದಿದೆ ಅಣ್ಣ’ ಅಂದಾಗ ನಾನು ಕಿವಿ ಕೊಟ್ಟೆ. ತಪ್ಪು ನನ್ನದೂ ಇದೆ.

“ಏನಪ್ಪಾ ಇದು?”

“ಜೀನ್ ಸೈಲೆನ್ಸಿಂಗ್ ಅಣ್ಣ. ವೈರಸ್ ಜೀನ್ ಇರುತ್ತಲ್ಲ, ಅದನ್ನ ಬಾಯಿ ಮುಚ್ಚಿಸುತ್ತೆ. ಸೊಪ್ಪಿಗೆ ಹೊಡೆದು ಹಾಕಿ ಅಷ್ಟೇ. ಹಾಲುತೊಂಡೆ ಮತ್ತೆ ನಿಮ್ಮನೆ ಕಡೆ ತಲೆ ಹಾಕಲ್ಲ.”

“ಸಪ್ಪೆ ರೋಗಕ್ಕೆ?”

“ಅದಕ್ಕೂ ಆಗುತ್ತೆ.”

“ಸುಣ್ಣಕಟ್ಟು?”

“ಎಲ್ಲದಕ್ಕೂ ಆಗುತ್ತೆ ಅಣ್ಣ.”

ಇಲ್ಲೇ ನಾನು ಎದ್ದು ಬರಬೇಕಿತ್ತು. ಸುಣ್ಣಕಟ್ಟು ಶಿಲೀಂಧ್ರದಿಂದ ಬರುವ ರೋಗ. ವೈರಸ್ಸಿನ ಜೀನ್ ಬಾಯಿ ಮುಚ್ಚಿಸುವ ಮದ್ದು ಬೂಷ್ಟಿಗೆ ಏನು ಮಾಡುತ್ತದೆ? ಆದರೂ 250 ಎಂ.ಎಲ್. ಬಾಟಲಿಗೆ 680 ರೂಪಾಯಿ ಕೊಟ್ಟು ಬಂದೆ. ಲೇಬಲ್ ಮೇಲೆ ಡಿಎನ್‌ಎ ಏಣಿಯ ಚಿತ್ರ, ಒಂದು ದಪ್ಪ ಹುಳು, ‘ಆರ್‌ಎನ್‌ಎ ತಂತ್ರಜ್ಞಾನ’ ಅಂತ ದೊಡ್ಡ ಅಕ್ಷರ. ಒಳಗೆ ಏನಿದೆ, ಎಷ್ಟಿದೆ, ಯಾವ ಜೀನ್, ಯಾವ ಸಂಸ್ಥೆ ಪರೀಕ್ಷೆ ಮಾಡಿದೆ, ಒಂದಕ್ಕೂ ಉತ್ತರ ಇಲ್ಲ. ಪರವಾನಗಿ ಸಂಖ್ಯೆ ಇರಬೇಕಾದ ಜಾಗದಲ್ಲಿ ‘ನಿಸರ್ಗ ಸ್ನೇಹಿ’ ಅಂತ ಬರೆದಿದ್ದರು. ವಾಸನೆ ನೋಡಿದರೆ ಬೆಲ್ಲದ ನೀರಿಗೆ ಬೇವಿನೆಣ್ಣೆ ಬಿದ್ದ ಹಾಗೆ.

ಮಗಳು ಪಿಯುಸಿ ಸೈನ್ಸ್ ಓದುತ್ತಿದ್ದಾಳೆ. ಬಾಟಲಿ ನೋಡಿ ನಕ್ಕಳು. ಆಮೇಲೆ ಒಂದು ಒಳ್ಳೆ ಮಾತು ಹೇಳಿದಳು. “ಅಪ್ಪಾ, ಎಲ್ಲಾ ಹುಳಕ್ಕೂ ಹಾಕಬೇಡ. ಒಂದು ಸ್ಟ್ಯಾಂಡಿಗೆ ಹಾಕು, ಇನ್ನೊಂದಕ್ಕೆ ಬರೀ ನೀರು ಹೊಡಿ. ಆಗ ಗೊತ್ತಾಗುತ್ತೆ.” ಬೇಸಿಗೆಯಲ್ಲಿ ಸೊಪ್ಪಿಗೆ ನೀರು ಬಿದ್ದರೇನೇ ಹುಳು ಸ್ವಲ್ಪ ಚೆನ್ನಾಗಿ ತಿನ್ನುತ್ತದೆ. ಎರಡನೇ ಸ್ಟ್ಯಾಂಡಿಗೆ ನೀರೂ ಹಾಕದಿದ್ದರೆ ಟಾನಿಕ್ಕಿನ ಗುಣವೋ ನೀರಿನ ಗುಣವೋ ಹೇಗೆ ಗೊತ್ತಾಗುತ್ತದೆ, ಅಲ್ವಾ? ನನಗೆ ಇದು ಹೊಳೆದಿರಲಿಲ್ಲ.

ಹಾಗೇ ಮಾಡಿದೆವು. 200 ಮೊಟ್ಟೆ ಚಾಕಿ, ಅಂದರೆ ಮರಿ ಹುಳು, ತಂದಿದ್ದೆ. ಹುಳು ಸಾಕದವರಿಗೆ ಹೇಳುತ್ತೇನೆ, ನಮ್ಮ ಮಾತಿನಲ್ಲಿ ಒಂದು ಮೊಟ್ಟೆ ಅಂದರೆ ಒಂದು ಚಿಟ್ಟೆ ಇಟ್ಟ ಅಷ್ಟೂ ಮೊಟ್ಟೆ. ಹತ್ತಿರ ಹತ್ತಿರ 500 ಹುಳು ಅಂತ ಲೆಕ್ಕ. ಎಡಗಡೆ ಸ್ಟ್ಯಾಂಡಿಗೆ ನೂರು, ಬಲಗಡೆಗೆ ನೂರು. ಮೂರನೇ ಹಂತದಿಂದ ಲೇಬಲ್ ಹೇಳಿದ ಹಾಗೆ ದಿನಕ್ಕೊಂದು ಸಲ ಎಡಗಡೆಗೆ ಟಾನಿಕ್ ಸೊಪ್ಪು. ಮಿಕ್ಕ ಎಲ್ಲವೂ ಎರಡಕ್ಕೂ ಒಂದೇ. ಸುಣ್ಣ ಒಂದೇ, ರೋಗ ಹರಡದ ಹಾಗೆ ಉದುರಿಸುವ ವಿಜೇತ ಪುಡಿ ಒಂದೇ, ಸೊಪ್ಪು ಒಂದೇ ತೋಟದ್ದು.

ಹುಳು ಪೊರೆ ಬಿಡುವುದಕ್ಕೆ ನಾವು ಜ್ವರ ಅನ್ನುತ್ತೇವೆ. ನಾಲ್ಕನೇ ಜ್ವರ ಎದ್ದು ನಾಲ್ಕನೇ ದಿನ ಮೊದಲ ಹುಳು ಕಂಡಿತು. ಮೈ ಹೊಳಪು, ಗೆಣ್ಣು ಗೆಣ್ಣು ಉಬ್ಬು, ಒಂದು ಕಡೆ ಕೂರದೆ ಅಂಚಿನಲ್ಲಿ ಸುಮ್ನೆ ಓಡಾಟ. ಕಡ್ಡಿ ತಾಗಿದರೆ ಸಾಕು, ಚರ್ಮ ಹರಿದು ಹಾಲು. ಎಡಗಡೆ ಸ್ಟ್ಯಾಂಡಿನಲ್ಲೇ ಕಂಡಿದ್ದು, ಅದನ್ನೂ ಹೇಳಿಬಿಡುತ್ತೇನೆ. ಮಗಳು ದಿನಾ ಆರಿಸಿ ತೆಗೆದ ಹುಳ ಎಣಿಸಿ ಕ್ಯಾಲೆಂಡರ್ ಮೇಲೆ ಬರೆದಳು. ಎಡಗಡೆ ಒಟ್ಟು 412, ಬಲಗಡೆ 389. ಆಮೇಲೆ ಎಣಿಸುವುದು ಬಿಟ್ಟೆವು, ಆರಿಸಿ ಸುಣ್ಣದ ಬಕೆಟ್ಟಿಗೆ ಹಾಕುವುದೇ ಸಾಕಾಯಿತು. 200 ಮೊಟ್ಟೆಗೆ ನಮ್ಮ ಮನೆಯಲ್ಲಿ 130, 140 ಕೆಜಿ ಗೂಡು ಬರುವುದು ವಾಡಿಕೆ. ಬಂದಿದ್ದು 98.

ಒಂದು ಮನೆ, ಒಂದು ಬೆಳೆ, ಎರಡು ಸ್ಟ್ಯಾಂಡ್ ಮಧ್ಯೆ ನಾಲ್ಕಡಿ ದಾರಿ. ಇದನ್ನು ಸಂಶೋಧನೆ ಅಂತ ಯಾರೂ ಕರೆಯಬೇಡಿ. ಆದರೆ ‘ತಲೆ ಹಾಕಲ್ಲ’ ಅಂದ ಮದ್ದು ಬರೀ ನೀರಿಗಿಂತ ಒಂದು ಹುಳವನ್ನಾದರೂ ಜಾಸ್ತಿ ಉಳಿಸಬೇಕಿತ್ತು.

ಕೋಪ ಬಂದು ಕೂತು ಓದಿದೆ, ಮಗಳ ಹತ್ತಿರ ಕೇಳಿದೆ, ರೇಷ್ಮೆ ಇಲಾಖೆಯ ಪರಿಚಯದವರೊಬ್ಬರ ತಲೆ ತಿಂದೆ. ತಿಳಿದ ಮೇಲೆ ಕೋಪ ಇನ್ನೂ ಜಾಸ್ತಿಯಾಯಿತು. ಯಾಕೆಂದರೆ ಜೀನ್ ಸೈಲೆನ್ಸಿಂಗ್ ಅನ್ನೋದು ಸುಳ್ಳಲ್ಲ. ಹಾಲುತೊಂಡೆ ಮೇಲೆ ನಿಜವಾಗಿ ಕೆಲಸ ಮಾಡಿದೆ. ಅದೂ ಎಲ್ಲೋ ದೂರದ ದೇಶದಲ್ಲಿ ಅಲ್ಲ. ಹೈದರಾಬಾದಿನ ಡಿಎನ್‌ಎ ಫಿಂಗರ್‌ಪ್ರಿಂಟಿಂಗ್ ಕೇಂದ್ರ, ಅಂದರೆ ಸಿಡಿಎಫ್‌ಡಿಯಲ್ಲಿ ಜೆ. ನಾಗರಾಜು ಅವರ ತಂಡ ಮಾಡಿದ ಕೆಲಸ ಅದು. ಅದರಲ್ಲಿ ಕೈಜೋಡಿಸಿದ್ದು ಹಿಂದೂಪುರದ ರೇಷ್ಮೆ ಸಂಶೋಧನಾ ಸಂಸ್ಥೆ. ಹಿಂದೂಪುರ! ನಾನು ಗೂಡು ಹಾಕಿಕೊಂಡು ಹೋಗುವ ಊರು.

ಮೊದಲು ರೋಗದ ದಾರಿ ಹೇಳುತ್ತೇನೆ, ಆಮೇಲೆ ಬಾಟಲಿ ಯಾಕೆ ದಂಡ ಅನ್ನೋದು ತಾನೇ ಗೊತ್ತಾಗುತ್ತದೆ.

ಹಾಲುತೊಂಡೆ ತರುವುದು ಬಿಎಂಎನ್‌ಪಿವಿ ಅನ್ನುವ ವೈರಸ್. ಹೊರಗೆ ಇರುವಾಗ ಅದು ಒಂದು ಗಟ್ಟಿ ಹರಳಿನ ಪೆಟ್ಟಿಗೆಯೊಳಗೆ ಕೂತಿರುತ್ತದೆ. ಪೆಟ್ಟಿಗೆ ಪ್ರೋಟೀನಿನದು. ಅದರೊಳಗೆ ಇದ್ದರೆ ಹುಳು ಮನೆಯ ದೂಳಿನಲ್ಲಿ, ತಟ್ಟೆ ಸಂದಿಯಲ್ಲಿ, ಹಳೇ ಚಂದ್ರಿಕೆಯಲ್ಲಿ ಒಂದು ಬೆಳೆಯಿಂದ ಇನ್ನೊಂದು ಬೆಳೆವರೆಗೆ ಆರಾಮಾಗಿ ಇರುತ್ತದೆ. ಹುಳು ಸೊಪ್ಪಿನ ಜೊತೆ ಅದನ್ನು ನುಂಗುತ್ತದೆ. ರೇಷ್ಮೆ ಹುಳುವಿನ ಹೊಟ್ಟೆ ನಮ್ಮ ಹೊಟ್ಟೆಯ ಹಾಗೆ ಹುಳಿ ಅಲ್ಲ, ಅದಕ್ಕೆ ತದ್ವಿರುದ್ಧ, ಸುಣ್ಣದ ನೀರಿನ ಹಾಗೆ ಕ್ಷಾರ. ಆ ಕ್ಷಾರಕ್ಕೆ ಪೆಟ್ಟಿಗೆ ಕರಗುತ್ತದೆ. ವೈರಸ್ ಹೊರಗೆ ಬಂದು ಕರುಳಿನ ಜೀವಕೋಶಕ್ಕೆ ಹೊಕ್ಕು, ಅಲ್ಲಿಂದ ಮೈಯೆಲ್ಲಾ. ರಕ್ತ ಹಾಲಾಗುವುದು ಅಂದರೆ ಬೇರೇನೂ ಅಲ್ಲ, ಅಂಥ ಕೋಟಿಗಟ್ಟಲೆ ಹೊಸ ಪೆಟ್ಟಿಗೆಗಳು ರಕ್ತದಲ್ಲಿ ತೇಲುವುದು. ಒಂದು ಹುಳು ಒಡೆದರೆ ಸಾಕು, ಆ ತಟ್ಟೆ ಸೊಪ್ಪೆಲ್ಲಾ ಮುಗಿಯಿತು.

ಇಲ್ಲೊಂದು ಮಾತು ನನಗೆ ಇಪ್ಪತ್ತು ವರ್ಷ ಸಾಕಿದ ಮೇಲೆ ಈಗ ತಿಳಿದಿದ್ದು. ನಾವು ಬ್ಲೀಚಿಂಗ್ ಪುಡಿ ದ್ರಾವಣಕ್ಕೆ ಸುಣ್ಣ ಯಾಕೆ ಬೆರೆಸುತ್ತೇವೆ? ಅಪ್ಪ ಬೆರೆಸುತ್ತಿದ್ದರು, ನಾನೂ ಬೆರೆಸುತ್ತಿದ್ದೆ. ಅಸಲು ಕಾರಣ ಇದೇ. ಹುಳುವಿನ ಹೊಟ್ಟೆ ಒಳಗೆ ಮಾಡುವ ಕೆಲಸವನ್ನು ಸುಣ್ಣ ಹೊರಗೇ ಮಾಡಿಬಿಡುತ್ತದೆ. ಪೆಟ್ಟಿಗೆ ಕರಗಿಸುತ್ತದೆ. ಬೆತ್ತಲೆಯಾದ ವೈರಸ್ ಹುಳು ಇಲ್ಲದ ಜಾಗದಲ್ಲಿ ಸಾಯುತ್ತದೆ.

ಈಗ ಜೀನ್ ಸೈಲೆನ್ಸಿಂಗ್. ಶಿಡ್ಲಘಟ್ಟ ಮಾರ್ಕೆಟ್ಟಿಗೆ ಹೋದವರಿಗೆ ಹೀಗೆ ಹೇಳಬಹುದು. ಗೂಡು ತಂದ ತಕ್ಷಣ ಅದು ದುಡ್ಡಾಗಲ್ಲ. ಲಾಟ್ ಚೀಟಿ ಬೇಕು, ಆ ಚೀಟಿ ಮೇಲೆ ಹರಾಜು, ಆಮೇಲೆ ತೂಕ, ಆಮೇಲೆ ದುಡ್ಡು. ಮಧ್ಯೆ ಯಾರಾದರೂ ಚೀಟಿ ಹರಿದು ಹಾಕಿದರೆ ಗೂಡು ಜಾಲರಿಯಲ್ಲೇ ಕೂತಿರುತ್ತದೆ. ವೈರಸ್ಸಿನ ಜೀನೂ ಹಾಗೇ. ಜೀನ್ ನೇರವಾಗಿ ಏನೂ ಮಾಡಲ್ಲ, ಒಂದು ಚೀಟಿ ಬರೆದು ಕಳಿಸುತ್ತದೆ. ಆ ಚೀಟಿಯೇ ಆರ್‌ಎನ್‌ಎ. ಚೀಟಿ ನೋಡಿ ಜೀವಕೋಶ ವೈರಸ್ಸಿಗೆ ಬೇಕಾದ ಸಾಮಾನು ಮಾಡಿಕೊಡುತ್ತದೆ. ಚೀಟಿ ಹರಿದರೆ ಸಾಮಾನು ಇಲ್ಲ, ವೈರಸ್ ಮರಿ ಹಾಕುವಂತಿಲ್ಲ.

ಚೀಟಿ ಹರಿಯುವ ಕತ್ತರಿ ಹೊರಗಿಂದ ತರಬೇಕಾಗಿಲ್ಲ, ಹುಳುವಿನ ಜೀವಕೋಶದಲ್ಲೇ ಇದೆ. ಆರ್‌ಎನ್‌ಎ ಸಾಮಾನ್ಯವಾಗಿ ಒಂಟಿ ಎಳೆ. ಎರಡೆಳೆ ಆರ್‌ಎನ್‌ಎ ಕಂಡರೆ ಜೀವಕೋಶಕ್ಕೆ ಅನುಮಾನ ಬರುತ್ತದೆ, ಚೂರು ಚೂರು ಮಾಡುತ್ತದೆ. ಆಮೇಲೆ ಆ ಚೂರನ್ನೇ ಫೋಟೋ ಥರ ಕೈಯಲ್ಲಿ ಹಿಡಿದು, ಅದಕ್ಕೆ ಹೊಂದುವ ಚೀಟಿ ಎಲ್ಲೆಲ್ಲಿದೆ ಅಂತ ಹುಡುಕಿ ಕತ್ತರಿಸುತ್ತದೆ. ಇದನ್ನು 1998ರಲ್ಲಿ ಒಂದು ಸಣ್ಣ ದುಂಡು ಹುಳದಲ್ಲಿ ತೋರಿಸಿಕೊಟ್ಟ ಆಂಡ್ರ್ಯೂ ಫೈರ್, ಕ್ರೇಗ್ ಮೆಲ್ಲೊ ಇಬ್ಬರಿಗೆ 2006ರಲ್ಲಿ ನೊಬೆಲ್ ಬಂತು.

ಹೈದರಾಬಾದಿನವರು ಮಾಡಿದ್ದು ಏನೆಂದರೆ, ವೈರಸ್ಸಿಗೆ ಇಲ್ಲದೆ ಆಗದ ನಾಲ್ಕು ಜೀನ್ ಆರಿಸಿಕೊಂಡರು. ಐಇ-1, ಲೆಫ್-1, ಲೆಫ್-2, ಪಿ-74. ಮೊದಲನೆಯದು ಮಿಕ್ಕ ಜೀನುಗಳನ್ನು ಎಬ್ಬಿಸುವ ಯಜಮಾನ. ಲೆಫ್ ಎರಡೂ ವೈರಸ್ ತನ್ನ ನಕಲು ಮಾಡಿಕೊಳ್ಳಲು. ಪಿ-74 ಬಾಯಿ ಮೂಲಕ ಬಂದ ವೈರಸ್ ಕರುಳಿಗೆ ಹೊಕ್ಕಲು. ಈ ನಾಲ್ಕರದ್ದೂ ತುಣುಕು ಸೇರಿಸಿ, ಮಡಚಿಕೊಂಡು ಎರಡೆಳೆ ಆಗುವ ಹಾಗೆ ಮಾಡಿ, ಹುಳುವಿನ ವಂಶಕ್ಕೇ ಸೇರಿಸಿಬಿಟ್ಟರು. ಹೀಗೆ ಜೀನ್ ಸೇರಿಸುವ ಕೆಲಸವನ್ನು ರೇಷ್ಮೆ ಹುಳದಲ್ಲಿ 2000ದಲ್ಲಿ ಜಪಾನಿನವರು ಮಾಡಿ ತೋರಿಸಿದ್ದರು, ಪಿಗ್ಗಿಬ್ಯಾಕ್ ಅನ್ನುವ ಒಂದು ಜಿಗಿಯುವ ಜೀನನ್ನು ಗಾಡಿಯ ಹಾಗೆ ಬಳಸಿಕೊಂಡು. ಆಗ ತಾನೇ ಇಟ್ಟ ಮೊಟ್ಟೆಗೆ ಸೂಜಿ ಚುಚ್ಚಿ ಹಾಕುವುದು. ನಮ್ಮ ಸಾಸಿವೆ ಕಾಳಿಗಿಂತ ಸಣ್ಣ ಮೊಟ್ಟೆ, ಅದಕ್ಕೆ ಸೂಜಿ! ಆ ತಾಳ್ಮೆಗೇ ಐದು ಸ್ಟಾರ್ ಕೊಡಬೇಕು.

ನಾಲ್ಕು ಜೀನ್ ಯಾಕೆ, ಒಂದು ಸಾಲದಾ? ಒಂದನ್ನೇ ಮುಚ್ಚಿಸಿದರೆ ವೈರಸ್ ಅಲ್ಲಿ ಒಂದೆರಡು ಅಕ್ಷರ ಬದಲಾಯಿಸಿ ನುಸುಳಬಹುದು. ನಾಲ್ಕೂ ಕಡೆ ಒಟ್ಟಿಗೆ ಬದಲಾಗುವುದು ಕಷ್ಟ. 2013ರಲ್ಲಿ ‘ಜೆನೆಟಿಕ್ಸ್’ ಪತ್ರಿಕೆಯಲ್ಲಿ ಈ ಕೆಲಸ ಅಚ್ಚಾಯಿತು. ಜಾಸ್ತಿ ಪ್ರಮಾಣದ ವೈರಸ್ ಕೊಟ್ಟರೂ ಈ ಹುಳುಗಳು ತಡೆದುಕೊಂಡವು, ಮೈಯಲ್ಲಿ ವೈರಸ್ ಕಡಿಮೆ ಇತ್ತು, ಗುಣ ಮರಿಗಳಿಗೂ ಬಂತು. ಆಮೇಲೆ ಅದನ್ನು ಜಾಸ್ತಿ ಇಳುವರಿಯ ತಳಿಗೂ ದಾಟಿಸಿದರು. ಎಲ್ಲಾ ಹುಳವೂ ಉಳಿಯಿತು ಅಂತ ಅವರು ಹೇಳಿಲ್ಲ. ‘ಎಲ್ಲದಕ್ಕೂ ಆಗುತ್ತೆ ಅಣ್ಣ’ ಅಂತಲೂ ಹೇಳಿಲ್ಲ. ಇದು ಆ ಒಂದು ವೈರಸ್ಸಿಗೆ ಮಾತ್ರ. ಸುಣ್ಣಕಟ್ಟಿಗೆ, ಗಂಟು ರೋಗಕ್ಕೆ, ಊಜಿ ನೊಣಕ್ಕೆ ಇದರಿಂದ ಏನೂ ಇಲ್ಲ. ಆದರೂ ಜಗತ್ತಿನಲ್ಲಿ ಆಗುವ ಗೂಡಿನ ನಷ್ಟದಲ್ಲಿ ಅರ್ಧಕ್ಕಿಂತ ಜಾಸ್ತಿ ಈ ಒಂದೇ ವೈರಸ್ಸಿನಿಂದ ಅನ್ನೋದು ಆ ತಂಡದ್ದೇ ಲೆಕ್ಕ. ಅಷ್ಟು ಸಿಕ್ಕರೆ ನನಗೆ ಸಾಕು.

ವ್ಯತ್ಯಾಸ ಕಂಡಿತಾ? ಅಲ್ಲಿ ಕತ್ತರಿಗೆ ಬೇಕಾದ ಎರಡೆಳೆ ಆರ್‌ಎನ್‌ಎಯನ್ನು ಹುಳು ತನ್ನ ಜೀವಕೋಶದ ಒಳಗೇ ತಾನೇ ಮಾಡಿಕೊಳ್ಳುತ್ತದೆ. ಮೊಟ್ಟೆಯಲ್ಲೇ ಬಂದ ಗುಣ ಅದು. ನನ್ನ ಬಾಟಲಿಯಲ್ಲಿ ಅದನ್ನು ಸೊಪ್ಪಿನ ಮೇಲೆ ಹೊಡೆದು ಹೊಟ್ಟೆಗೆ ಕಳಿಸಬೇಕು. ಬಾಟಲಿಯಲ್ಲಿ ನಿಜವಾಗಿ ಆರ್‌ಎನ್‌ಎ ಇತ್ತು ಅಂತಲೇ ಇಟ್ಟುಕೊಳ್ಳೋಣ, ನನಗೆ ನಂಬಿಕೆ ಇಲ್ಲ, ಇರಲಿ. ಅದು ಹೋಗಿ ಬೀಳುವುದು ಎಲ್ಲಿಗೆ? ಅದೇ ಸುಣ್ಣದ ನೀರಿನಂಥ ಹೊಟ್ಟೆಗೆ. ಆರ್‌ಎನ್‌ಎಗೆ ಕ್ಷಾರ ಆಗಿಬರಲ್ಲ, ಒಡೆಯುತ್ತದೆ. ಅದು ಸಾಲದು ಅಂತ ರೇಷ್ಮೆ ಹುಳುವಿನ ಕರುಳಿನಲ್ಲಿ ಎರಡೆಳೆ ಆರ್‌ಎನ್‌ಎಯನ್ನೇ ಕತ್ತರಿಸಿ ಹಾಕುವ ಕಿಣ್ವ ಬೇರೆ ಇದೆ, ಜಪಾನಿನವರು 2007ರಲ್ಲೇ ಅದನ್ನು ಬೇರ್ಪಡಿಸಿ ತೋರಿಸಿದ್ದಾರೆ. ಚೀಟಿ ಹರಿಯುವ ಜಾಗಕ್ಕೆ ಹೋಗುವ ಮೊದಲೇ ಮದ್ದೇ ಹರಿದು ಹೋಯಿತು. ಚಿಟ್ಟೆ ಜಾತಿಯ ಹುಳುಗಳಿಗೆ ಆರ್‌ಎನ್‌ಎ ತಿನ್ನಿಸಿ ಗೆಲ್ಲುವುದು ಕಷ್ಟ ಅನ್ನೋದು ಈ ವಿಷಯ ಓದಿದವರಿಗೆಲ್ಲ ಗೊತ್ತಿರುವ ತಲೆನೋವು.

ಅಂಗಡಿಯವನಿಗೆ ಇದನ್ನೆಲ್ಲ ಹೇಳಿದಾಗ ಫೋನ್ ತೆಗೆದು ಒಂದು ಸುದ್ದಿ ತೋರಿಸಿದ. ಅಮೆರಿಕದಲ್ಲಿ ಆರ್‌ಎನ್‌ಎ ಸ್ಪ್ರೇಗೆ ಅನುಮತಿ ಸಿಕ್ಕಿದೆಯಂತೆ. ಸಿಕ್ಕಿದೆ, ನಿಜ. 2023ರ ಕೊನೆಯಲ್ಲಿ, ಆಲೂಗಡ್ಡೆ ಬೆಳೆ ತಿನ್ನುವ ಕೊಲೊರಾಡೊ ಜೀರುಂಡೆಗೆ. ಜೀರುಂಡೆಗಳ ಕರುಳು ಬೇರೆ, ಅಲ್ಲಿ ತಿಂದ ಆರ್‌ಎನ್‌ಎ ಒಳಗೆ ಸೇರುತ್ತದೆ. ಜೊತೆಗೆ ಅಲ್ಲಿ ಉದ್ದೇಶ ಹುಳುವನ್ನು ಕೊಲ್ಲುವುದು, ಉಳಿಸುವುದಲ್ಲ! “ನನ್ನ ಹುಳುವೇನು ಜೀರುಂಡೆನಾಪ್ಪಾ?” ಅಂದೆ. ಅವನು ನಕ್ಕು ಟೀ ತರಿಸಿದ. ದುಡ್ಡು ವಾಪಸ್ ಕೊಡಲಿಲ್ಲ. ಕಂಪನಿಯವರ ನಂಬರ್ ಕೊಟ್ಟ, ಅದು ರಿಂಗ್ ಆಗುತ್ತದೆ ಅಷ್ಟೇ.

ಹಾಗಾದರೆ ಅಸಲು ಮಾಲು ಯಾಕೆ ಸಿಗುತ್ತಿಲ್ಲ? ಅದು ಜೀನ್ ಬದಲಾದ ಜೀವಿ. ಇಂಥ ಜೀವಿಗಳಿಗೆ ಒಪ್ಪಿಗೆ ಕೊಡುವ ಕೇಂದ್ರದ ಸಮಿತಿ ಜಿಇಎಸಿ ಒಪ್ಪದೆ ರೈತರ ಮನೆಗೆ ಬರುವಂತಿಲ್ಲ. ಬಿಟಿ ಹತ್ತಿಗೆ 2002ರಲ್ಲಿ ಒಪ್ಪಿಗೆ ಸಿಕ್ಕಿತು, ಬಿಟಿ ಬದನೆಗೆ 2010ರಲ್ಲಿ ತಡೆ ಬಿತ್ತು. ಎಚ್ಚರ ಬೇಡ ಅನ್ನಲ್ಲ ನಾನು. ಗೂಡು ಬಿಚ್ಚಿದ ಮೇಲೆ ಉಳಿಯುವ ಪ್ಯೂಪಾ ಕೋಳಿ, ಮೀನಿನ ಆಹಾರಕ್ಕೆ ಹೋಗುತ್ತದೆ, ಅದನ್ನು ಪರೀಕ್ಷೆ ಮಾಡಲೇಬೇಕು. ಮೊಟ್ಟೆ ಬೆಲೆ ಯಾರ ಕೈಗೆ ಹೋಗುತ್ತದೆ ಅನ್ನೋದೂ ಕೇಳಬೇಕಾದ ಪ್ರಶ್ನೆಯೇ. ಆದರೆ ‘ಹೊರಗೆ ಹೋಗಿ ಕಾಡೆಲ್ಲ ಹರಡಿದರೆ’ ಅನ್ನುವ ಭಯ ಮಾತ್ರ ನನಗೆ ಅರ್ಥ ಆಗಲ್ಲ. ನಮ್ಮ ಚಿಟ್ಟೆ ಹಾರಲ್ಲ ಸ್ವಾಮಿ. ಹುಳು ಸೊಪ್ಪು ಹಾಕದಿದ್ದರೆ ಪಕ್ಕದ ತಟ್ಟೆಗೂ ಹೋಗಲ್ಲ, ಕೂತಲ್ಲೇ ಸಾಯುತ್ತದೆ. ಸಾವಿರಾರು ವರ್ಷ ಮನುಷ್ಯನ ಕೈಯಲ್ಲಿ ತಿಂದು ಹೀಗಾಗಿದೆ. ಹೇಗೂ ನಾವು ಪ್ರತಿ ಬೆಳೆಗೂ ಮೊಟ್ಟೆ ಹೊಸದಾಗಿ ಕೊಂಡೇ ತರುವವರು, ಮೊಟ್ಟೆಯಲ್ಲೇ ಕಾವಲು ಬಂದರೆ ನಮ್ಮ ಕೆಲಸದಲ್ಲಿ ಏನೂ ಬದಲಾಗಬೇಕಾಗಿಲ್ಲ.

ಈಗ ದುಡ್ಡು ಎಲ್ಲಿ ಹಾಕುತ್ತಿದ್ದೇನೆ ಅನ್ನೋದನ್ನೂ ಹೇಳುತ್ತೇನೆ, ಇದು ಅಸಲಿಗೆ ರಿವ್ಯೂ ಅಲ್ವಾ. ಮೈಸೂರಿನ ಕೇಂದ್ರ ರೇಷ್ಮೆ ಸಂಶೋಧನಾ ಸಂಸ್ಥೆಯವರು ಕಂಡುಹಿಡಿದ ವಿಜೇತ ಪುಡಿಗೆ ನಾಲ್ಕು ಸ್ಟಾರ್. ಪ್ರತಿ ಜ್ವರ ಎದ್ದ ಮೇಲೆ, ಸೊಪ್ಪು ಕೊಡುವ ಅರ್ಧ ಗಂಟೆ ಮೊದಲು ಧೂಳೀಕರಣ, ಕೊನೆ ಹಂತದ ನಾಲ್ಕನೇ ದಿನ ಇನ್ನೊಂದು ಸಲ. ಒಂದು ಸ್ಟಾರ್ ಕಡಿಮೆ ಮಾಡಿದ್ದು ಕೆಮ್ಮಿಗೆ, ಮೂಗಿಗೆ ಬಟ್ಟೆ ಕಟ್ಟಿಕೊಳ್ಳಿ. ಆದರೆ ಒಂದು ತಿಳಿದುಕೊಳ್ಳಿ, ಈ ಪುಡಿ ರೋಗ ಒಂದು ಹುಳದಿಂದ ಇನ್ನೊಂದಕ್ಕೆ ಹರಡುವುದನ್ನು ತಡೆಯುತ್ತದೆ, ಒಳಗೆ ಹೊಕ್ಕ ವೈರಸ್ಸಿಗೆ ಅದು ಮದ್ದಲ್ಲ. ಸುಣ್ಣಕ್ಕೆ ಐದಕ್ಕೆ ಐದು. ಅಗ್ಗ, ಕಾರಣ ಈಗ ಗೊತ್ತು. ಚಾಕಿ ಕೇಂದ್ರದ ಬಗ್ಗೆ ಬೇರೆ ಬರೆಯಬೇಕು, ನಾನು ಈ ಸಲ ಕೇಂದ್ರ ಬದಲಾಯಿಸಿದ್ದೇನೆ. ಹೊಸ ಕಡೆ ಬಾಗಿಲಲ್ಲಿ ಕಾಲು ಅದ್ದಲು ಬ್ಲೀಚಿಂಗ್ ನೀರು ಇಟ್ಟಿದ್ದಾರೆ, ಹಳೆ ಕಡೆ ಇರಲಿಲ್ಲ. ಬೇಸಿಗೆಯಲ್ಲಿ ಹುಳು ಮನೆ ಮಾಡಿಗೆ ತೆಂಗಿನ ಗರಿ ಹಾಕಿ ನೀರು ಚಿಮುಕಿಸುವುದಕ್ಕೂ ಒಂದು ಪೈಪ್ ಎಳೆಸಿದೆ. ಬಿಸಿಲು ಏರಿ ಇಳಿದರೆ ಹಾಲುತೊಂಡೆಗೆ ಹಬ್ಬ.

ಬಾಟಲಿಯಲ್ಲಿ ಇನ್ನೂ ಅರ್ಧ ಇದೆ. ಮಗಳು ಅದರ ಮೇಲೆ ಪೆನ್ನಿನಲ್ಲಿ ‘412’ ಅಂತ ಬರೆದು ಹುಳು ಮನೆ ಕಿಟಕಿಯಲ್ಲಿ ಇಟ್ಟಿದ್ದಾಳೆ. ಗೌರಿಬಿದನೂರು ಕಡೆ ಯಾರಿಗಾದರೂ ಪರೀಕ್ಷೆ ಮಾಡಿಸುವ ಹುಮ್ಮಸ್ಸು ಇದ್ದರೆ ಬಂದು ತಗೊಂಡು ಹೋಗಿ. ದುಡ್ಡು ಬೇಡ, ಮುಚ್ಚಳ ಮಾತ್ರ ವಾಪಸ್ ಕೊಡಿ.